ಅವಳಿಯೊಬ್ಬಳು ನೋಡಿದ ‘ದಿ ಡಾರ್ಕ್ ಮಿರರ್’

ನನ್ನ ಅಕ್ಕ ನನಗಿಂತ ಎಂಟು ನಿಮಿಷ ದೊಡ್ಡವಳು. ಮುಖ, ಎತ್ತರ, ನಕ್ಕಾಗ ಬೀಳುವ ಗುಳಿ ಎಲ್ಲವೂ ಒಂದೇ. ಗುರುತಿಗೆಂದು ಅಮ್ಮ ಅವಳಿಗೆ ಕೆಂಪು ಬಳೆ, ನನಗೆ ಹಸಿರು ಬಳೆ ತೊಡಿಸುತ್ತಿದ್ದಳು. ನಾವು ಹಿತ್ತಲಿಗೆ ಹೋಗಿ ಬದಲಿಸಿಕೊಂಡು ಬರುತ್ತಿದ್ದೆವು. ಹೀಗಾಗಿ ಅವಳಿಗಳ ಸಿನಿಮಾ ಎಂದರೆ ನನಗೆ ಮೊದಲೇ ಗುಮಾನಿ. ನಮ್ಮ ದ್ವಿಪಾತ್ರದ ಚಿತ್ರಗಳಲ್ಲಂತೂ ಒಬ್ಬ ಪಾಪದವನು, ಇನ್ನೊಬ್ಬ ಪೋಕರಿ. ಗೊಂದಲವಾಗದಿರಲಿ ಎಂದು ಒಬ್ಬನಿಗೊಂದು ಮೀಸೆ.

ರಾಬರ್ಟ್ ಸಿಯೊಡ್ಮಾಕ್ ನಿರ್ದೇಶಿಸಿದ, 1946ರ ಈ ಕಪ್ಪು ಬಿಳುಪು ಅಮೆರಿಕನ್ ಚಿತ್ರದಲ್ಲಿ ಮೀಸೆಯ ಸೌಲಭ್ಯವಿಲ್ಲ. ವೈದ್ಯನೊಬ್ಬ ತನ್ನ ಮನೆಯಲ್ಲಿ ಕೊಲೆಯಾಗಿ ಬಿದ್ದಿದ್ದಾನೆ, ಪಕ್ಕದಲ್ಲಿ ಒಡೆದ ಕನ್ನಡಿ. ಪತ್ರಿಕೆ ಮಾರುವ ಟೆರಿಯನ್ನು ಅಲ್ಲಿ ಕಂಡೆವು ಎನ್ನುವವರಿದ್ದಾರೆ. ಅದೇ ಹೊತ್ತಿಗೆ ಅವಳು ಬೇರೆಡೆ ಇದ್ದಳು ಎನ್ನುವವರೂ ಇದ್ದಾರೆ. ಆಮೇಲೆ ಟೆರಿಯ ಮನೆಯ ಒಳಗಿನಿಂದ ಅವಳ ಅವಳಿ ರೂತ್ ಎದ್ದು ಬರುತ್ತಾಳೆ. ಇಬ್ಬರೂ ಒಂದೇ ನೌಕರಿಯನ್ನು ಹಂಚಿಕೊಂಡು ಮಾಡುತ್ತಿದ್ದವರು. ಆ ರಾತ್ರಿ ಯಾರು ಎಲ್ಲಿದ್ದರು ಎಂದು ಇಬ್ಬರೂ ಬಾಯಿ ಬಿಡುವುದಿಲ್ಲ. ಯಾರನ್ನು ಹಿಡಿಯಬೇಕೆಂದು ತಿಳಿಯದೆ ಕನಲುವ ಪೊಲೀಸ್ ಅಧಿಕಾರಿಯಾಗಿ ಥಾಮಸ್ ಮಿಚೆಲ್ ಬಲು ಸೊಗಸು. ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರ ಮುಖವೂ ಹೀಗೇ ಆಗುತ್ತಿತ್ತು.

ಆಗ ಅವಳಿಗಳ ಕುರಿತು ಅಧ್ಯಯನ ಮಾಡುವ ಮನೋವೈದ್ಯ ಲ್ಯೂ ಏರ್ಸ್ ಬರುತ್ತಾನೆ, ಶಾಯಿಯ ಕಲೆಗಳ ಕಾರ್ಡು ಹಿಡಿದು. ಕಲೆಯಲ್ಲಿ ಏನು ಕಾಣುತ್ತದೆ ಎಂದು ಕೇಳಿ ಮನಸ್ಸನ್ನು ಅಳೆಯಲು ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋರ್ಷಾಕ್ 1921ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು. ಹೆಸರು ತೋರಿಸುವಾಗಲೂ ಹಿನ್ನೆಲೆಯಲ್ಲಿ ಅವೇ ಕಲೆಗಳು. ಕಾಗದದ ಮೇಲೆ ಶಾಯಿ ಚೆಲ್ಲಿ ಮಡಿಸಿ ಬಿಚ್ಚಿದರೆ ಎರಡು ಪಾಲೂ ಒಂದೇ ರೂಪ. ಅವಳಿಗಳ ಕಥೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು. ಆದರೆ ಕಲೆ ನೋಡಿ ಹೇಳಿದ ನಾಲ್ಕು ಮಾತಿನಿಂದ ಕೊಲೆಗಾತಿಯನ್ನು ಆರಿಸುವುದು ಮಾತ್ರ ಕಣಿ ಹೇಳಿದ ಹಾಗಿದೆ. ಏರ್ಸ್ ಪಾತ್ರವೂ ಉಪ್ಪಿಲ್ಲದ ಸಾರು.

ಚಿತ್ರ ನಿಂತಿರುವುದು ಎರಡೂ ಪಾತ್ರ ಮಾಡಿದ ಒಲಿವಿಯಾ ಡಿ ಹ್ಯಾವಿಲ್ಯಾಂಡ್ ಮೇಲೆ. ಟೆರಿ ಮುನ್ನುಗ್ಗಿ ಮಾತಾಡುವವಳು, ರೂತ್ ಹಿಂಜರಿಯುವವಳು. ಸ್ವಲ್ಪ ಹೊತ್ತಿನಲ್ಲೇ ಒಬ್ಬಳೇ ನಟಿ ಎಂಬುದು ಮರೆತೇಹೋಗುತ್ತದೆ. ನನ್ನ ಬೆನ್ನು ತಣ್ಣಗಾಗಿದ್ದು ಕೊಲೆಗಲ್ಲ, ಹಾಸಿಗೆಯ ಪಕ್ಕದ ಮಾತಿಗೆ. ರೂತ್‌ಗೆ ತಲೆ ಕೆಡುತ್ತಿದೆ ಎಂದು ಟೆರಿ ಅವಳನ್ನೇ ನಂಬಿಸುತ್ತಾಳೆ. ಬೈದಲ್ಲ, ಹೆದರಿಸಿಯಲ್ಲ, ನಿದ್ದೆ ಮಾತ್ರೆ ಕೊಟ್ಟು, ಸಮಾಧಾನ ಹೇಳಿ, ತಾಯಿಯ ದನಿಯಲ್ಲಿ. ರೂತ್ ನಂಬುತ್ತಾಳೆ. ನಂಬದೆ ಏನು ಮಾಡಿಯಾಳು? ಅವಳನ್ನು ಟೆರಿಗಿಂತ ಚೆನ್ನಾಗಿ ಬಲ್ಲವರು ಇನ್ನಾರಿದ್ದಾರೆ?

ಇದು ನನಗೆ ಗೊತ್ತಿದ್ದ ವಿಷಯ. ಏಳನೆಯ ವಯಸ್ಸಿನಲ್ಲಿ, ನಾನು ನಿದ್ದೆಗಣ್ಣಿನಲ್ಲಿ ಎದ್ದು ಹೋಗಿ ಡಬ್ಬಿಯ ಚಕ್ಕುಲಿಯನ್ನೆಲ್ಲ ತಿಂದೆ ಎಂದು ಅಕ್ಕ ಹೇಳಿದಳು. ಮೂರು ದಿನ ನಂಬಿದ್ದೆ. ರಾತ್ರಿ ಮತ್ತೆ ಎದ್ದು ಹೋದೇನೆಂದು ಲಂಗದ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿಕೊಂಡು ಮಲಗಿದ್ದೆ.

ದೂರುಗಳೂ ಇವೆ. ಡಿಮಿಟ್ರಿ ಟಿಯೊಮ್ಕಿನ್ ಸಂಗೀತ ಸುಮ್ಮನಿರಬೇಕಾದಲ್ಲಿ ಸುಮ್ಮನಿರುವುದಿಲ್ಲ. ಒಬ್ಬಳು ಒಳ್ಳೆಯವಳು, ಇನ್ನೊಬ್ಬಳು ಕೆಟ್ಟವಳು ಎಂಬ ಹಳೆಯ ಲೆಕ್ಕವನ್ನು ಕೊನೆಗೂ ಇವರು ಬಿಡಲಿಲ್ಲ. ಆದರೂ 85 ನಿಮಿಷ. ಊಟ ಮುಗಿಸಿ ದೀಪ ಆರಿಸಿ ಕುಳಿತರೆ ಹತ್ತೂವರೆಗೆ ಮುಗಿಯುತ್ತದೆ. ಅಂತ್ಯದಲ್ಲಿ ಬರುವ ಕನ್ನಡಿಯ ಬಗ್ಗೆ ಏನೂ ಹೇಳುವುದಿಲ್ಲ.

ಮುಗಿದ ಕೂಡಲೇ ಅಕ್ಕನಿಗೆ ಫೋನ್ ಮಾಡಿ ಚಕ್ಕುಲಿಯ ವಿಷಯ ಕೇಳಿದೆ. ನಲವತ್ತು ವರ್ಷದ ಮೇಲೂ ಅವಳು ಹೇಳಿದ್ದು, “ನೀನೇ ತಿಂದಿದ್ದು ಕಣೇ, ನಾನೇ ನೋಡಿದ್ದೆ.”