ಥೀಮ್ ಹಾಕಲು ಹೋಗಿ ಪರದೆಯೇ ಕಪ್ಪಾಯಿತು

ವಿಂಡೋಸನ್ನು ಮ್ಯಾಕ್ ಥರ ಮಾಡಿಕೊಳ್ಳುವ ಆಸೆ ಇದ್ದರೆ ಮೊದಲು ನನ್ನ ಕಥೆ ಕೇಳಿ.

ಬಸವೇಶ್ವರನಗರದಲ್ಲಿ ಭಾನುವಾರ ಮಧ್ಯಾಹ್ನ ಮಳೆ ಹಿಡಿದಿತ್ತು. ಸುಮ್ನೆ ಕೂತಿದ್ದೆ. ಯೂಟ್ಯೂಬಲ್ಲಿ ಯಾರೋ ಹತ್ತು ನಿಮಿಷದಲ್ಲಿ ಡೆಸ್ಕ್‌ಟಾಪ್ ಫಳಫಳ ಮಾಡಿ ತೋರಿಸಿದ. ಅವನು ಕೊಟ್ಟ ಜಿಪ್ ಫೈಲ್ ಇಳಿಸಿಕೊಂಡೆ. ಥೀಮ್, ಅಂದರೆ ಡೆಸ್ಕ್‌ಟಾಪಿನ ಹೊಸ ವೇಷ; ಅದರ ಜೊತೆ ವಿಂಡೋಸನ್ನೇ ಒಳಗಿನಿಂದ ತಿದ್ದುವ ಒಂದು ಪ್ಯಾಚರ್ ಪ್ರೋಗ್ರಾಮ್ ಇತ್ತು. ಆಂಟಿವೈರಸ್ ಆಫ್ ಮಾಡಿ, ಪ್ಯಾಚರ್‌ಗೆ ಅಡ್ಮಿನ್ ಅನುಮತಿ (ಸಿಸ್ಟಮ್ಮನ್ನೇ ಬದಲಿಸುವ ಹಕ್ಕು) ಕೊಡಿ ಅಂತ ಬರೆದಿತ್ತು. ಗೋಡೆಗೆ ಬಣ್ಣ ಹೊಡೆಯಲು ಬಂದವನು ಬೀರು ಕೀಲಿ ಕೇಳಿದ ಹಾಗಾಯಿತು, ಅಲ್ವಾ? ನಾನು ಕೊಟ್ಟೆ. ಕೆಟ್ಟರೆ ಸಿಸ್ಟಮ್ಮನ್ನು ಹಿಂದಿನ ಸ್ಥಿತಿಗೆ ತರಲು ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳಿ ಅಂತಲೂ ಇತ್ತು. ಅದನ್ನು ಮಾಡಲಿಲ್ಲ.

ಪ್ಯಾಚರ್ ಯಾಕೆ ಬೇಕು ಅನ್ನುವುದು ಆಮೇಲೆ ತಿಳಿಯಿತು. ಕಿಟಕಿ, ಬಟನ್‌ಗಳ ರೂಪವೆಲ್ಲ ಎಂಎಸ್‌ಸ್ಟೈಲ್ಸ್ ಎಂಬ ಫೈಲಿನಲ್ಲಿರುತ್ತದೆ. ಮೈಕ್ರೋಸಾಫ್ಟ್ ಸಹಿ ಇಲ್ಲದ ಸ್ಟೈಲನ್ನು ವಿಂಡೋಸ್ ಒಪ್ಪುವುದಿಲ್ಲ. ಪ್ಯಾಚರ್ ಆ ತಪಾಸಣೆಯನ್ನೇ ಕಿತ್ತು ಹಾಕುತ್ತದೆ. ಮೇಲಾಗಿ ಇಂಥ ಸ್ಟೈಲ್ ವಿಂಡೋಸ್‌ನ ಒಂದು ಆವೃತ್ತಿಯ ಅಳತೆಗೆ ಹೊಲಿದ ಅಂಗಿ. ಅಪ್‌ಡೇಟ್ ಬಂದರೆ ಅಳತೆ ತಪ್ಪಬಹುದು.

ಮೂರು ವಾರ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ಬುಧವಾರ ಅಪ್‌ಡೇಟ್ ಆಯಿತು. ಪಾಸ್‌ವರ್ಡ್ ಹಾಕಿದರೆ ಕಪ್ಪು ಪರದೆ, ನಡುವೆ ಒಂದು ಬಿಳಿ ಬಾಣ. ಅಷ್ಟೇ.

ಎಸ್‌ಪಿ ರೋಡಿನ ಒಂದು ಕಂಪ್ಯೂಟರ್ ಅಂಗಡಿಗೆ ಒಯ್ದೆ. “ಫಾರ್ಮ್ಯಾಟೇ ಗತಿ ಸಾರ್, ಡೇಟಾ ಗ್ಯಾರಂಟಿ ಇಲ್ಲ” ಅಂದರು. ವಾಪಸ್ ತಂದು ಅಕ್ಕನ ಮಗನಿಗೆ ಫೋನ್ ಮಾಡಿದೆ.

“ಮಾಮ, ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ. ಮೂಲೆಯ ಪವರ್ ಗುರುತಿನಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಡಿ. ಸೇಫ್ ಮೋಡ್‌ಗೆ ಹೋಗೋಣ, ಅಲ್ಲಿ ವಿಂಡೋಸ್ ತೀರಾ ಬೇಕಾದ್ದನ್ನಷ್ಟೇ ಓಡಿಸುತ್ತೆ.”

ಹೋದರೆ ನೀಲಿ ಪರದೆಯಲ್ಲಿ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ಕೀ ಕೇಳಿತು. 48 ಅಂಕಿ! ಲ್ಯಾಪ್‌ಟಾಪಲ್ಲಿ ಅಂಥದ್ದೊಂದು ಬೀಗ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಪುಣ್ಯಕ್ಕೆ ಕೀ ನನ್ನ ಮೈಕ್ರೋಸಾಫ್ಟ್ ಖಾತೆಯಲ್ಲಿತ್ತು, ಮೊಬೈಲಿನಿಂದ ತೆರೆದೆ. ನೀವೂ ಇವತ್ತೇ ನೋಡಿ ಹಾಳೆಯಲ್ಲಿ ಬರೆದಿಡಿ. ಕೀ ಹಾಕಿ ಒಳಗೆ ಹೋಗಿ, ಅವನು ಹೇಳಿದ ಹಾಗೆ ಪ್ಯಾಚ್ ತೆಗೆದು, ಎಸ್‌ಎಫ್‌ಸಿ ಸ್ಕ್ಯಾನ್‌ನೌ ಕಮಾಂಡ್ ಓಡಿಸಿ ಹಾಳಾದ ಸಿಸ್ಟಮ್ ಫೈಲುಗಳನ್ನು ಸರಿ ಮಾಡಿಕೊಳ್ಳುವಷ್ಟರಲ್ಲಿ ರಾತ್ರಿ ಒಂದು ಗಂಟೆ.

“ವಿಂಡೋಸ್ ಬಿಟ್ಟು ಲಿನಕ್ಸಿಗೆ ಬನ್ನಿ ಮಾಮ, ಈ ಗೋಳಿಲ್ಲ” ಅಂದ ಹುಡುಗ. ಅದೂ ಪೂರ್ತಿ ನಿಜವಲ್ಲ. 2024ರ ಮಾರ್ಚ್‌ನಲ್ಲಿ ಲಿನಕ್ಸಿನ ಡೆಸ್ಕ್‌ಟಾಪ್‌ಗಳಲ್ಲೊಂದಾದ ಕೆಡಿಇ ಪ್ಲಾಸ್ಮಾದ ಒಂದು ಗ್ಲೋಬಲ್ ಥೀಮ್ ಹಾಕಿಕೊಂಡ ಒಬ್ಬರ ಫೈಲುಗಳೇ ಅಳಿಸಿ ಹೋಗಿದ್ದವು. ಅಲ್ಲೂ ಗ್ಲೋಬಲ್ ಥೀಮ್ ಅಂದರೆ ಬರೀ ಬಣ್ಣವಲ್ಲ, ಒಳಗೆ ಓಡುವ ಕೋಡ್ ಇರಬಹುದು.

ಈಗ ನಾನು ಸೆಟ್ಟಿಂಗ್ಸ್‌ನ ಪರ್ಸನಲೈಸೇಶನ್‌ನಲ್ಲಿ ಸಿಗುವ ಥೀಮ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಕಬ್ಬನ್ ಪಾರ್ಕಲ್ಲಿ ತೆಗೆದ ಗುಲಾಬಿ ಹೂಮರದ ಫೋಟೋ ವಾಲ್‌ಪೇಪರ್ ಆಗಿದೆ.

ಲ್ಯಾಪ್‌ಟಾಪ್ ಎದ್ದಿತು ನಿಜ. ಆದರೆ ಅಡ್ಮಿನ್ ಅನುಮತಿ ಸಿಕ್ಕ ಆ ಪ್ಯಾಚರ್ ಮೂರು ವಾರ ಇನ್ನೇನು ಮಾಡುತ್ತಿತ್ತೋ? ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಮೊಬೈಲಿಂದಲೇ ಬದಲಿಸಿದೆ. ಫೋಟೋ, ಕಡತಗಳನ್ನು ಬೇರೊಂದು ಹಾರ್ಡ್ ಡಿಸ್ಕಿಗೆ ಹಾಕಿಕೊಂಡೆ. ಕೊನೆಗೆ ಎಸ್‌ಪಿ ರೋಡಿನವರು ಹೇಳಿದ್ದನ್ನೇ ನಾನೇ ಕೂತು ಮಾಡಿದೆ: ಫಾರ್ಮ್ಯಾಟ್.