ಕೊಳದ ಪಂಪಿಗೆ ಕರೆಂಟ್: ಬಳಸಿ ನೋಡಿದ ನಾಲ್ಕು ದಾರಿ

ಕೈತೋಟದ ಕೊಳದಲ್ಲಿ ಮುಳುಗಿರುವ ಪಂಪ್ ಹಳೆಯದಾಗುತ್ತಾ ಹೋಗುತ್ತದೆ. ಸೀಲ್ ಸವೆಯುತ್ತದೆ, ವೈರಿನ ಹೊದಿಕೆ ಬಿರುಕು ಬಿಡುತ್ತದೆ. ಆ ಹೊತ್ತಿಗೆ ಯಾರದಾದರೂ ಕೈ ನೀರಿನಲ್ಲಿದ್ದರೆ ಏನಾಗುತ್ತದೆ? ನಾಲ್ಕು ವ್ಯವಸ್ಥೆಗಳನ್ನೂ ನಾನು ಅಳೆದಿದ್ದು ಈ ಪ್ರಶ್ನೆಯಿಂದಲೇ.

ಕಿಟಕಿಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆಯುವುದು ಎಲ್ಲಕ್ಕಿಂತ ಸುಲಭ. ಹೊಸ ಪಂಪ್ ಓಡುತ್ತದಾ ಎಂದು ಎದುರಿಗೇ ನಿಂತು ನೋಡಲು ಮಾತ್ರ ಅದನ್ನು ಬಳಸಿದೆ. ಕಾಯಂ ಆಗಿ ಬೇಡವೇ ಬೇಡ. ಮಳೆ ಹನಿ ವೈರಿನ ಮೇಲೆ ಜಾರುತ್ತಾ ನೇರ ಪ್ಲಗ್ಗಿಗೆ ಇಳಿಯುತ್ತದೆ. ಬಿಸಿಲಿಗೆ ವೈರಿನ ಹೊದಿಕೆ ಒಣಗಿ ಸೀಳುತ್ತದೆ. 'ಎಂಸಿಬಿ ಇದೆಯಲ್ಲ' ಎನ್ನುವವರಿಗೆ ಒಂದು ಮಾತು: ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್, ಇರುವುದು ವೈರನ್ನು ಕಾಯಲು. 16 ಆಂಪಿಯರ್ ಎಂಸಿಬಿಗೆ ಮನುಷ್ಯನ ಮೈಯಲ್ಲಿ ಹರಿಯುವ 50 ಮಿಲಿಆಂಪಿಯರ್ ಗೊತ್ತೇ ಆಗುವುದಿಲ್ಲ. ಆದರೆ ಅಷ್ಟು ಕರೆಂಟ್ ಸ್ವಲ್ಪ ಹೊತ್ತು ಹರಿದರೂ ಹೃದಯದ ಬಡಿತ ಹದ ತಪ್ಪಬಹುದು.

ನೆಲದಡಿ ಆರ್ಮರ್ಡ್ ಕೇಬಲ್ (ಲೋಹದ ಕವಚವಿರುವ ಕೇಬಲ್) ಹಾಕಿಸಿ 230 ವೋಲ್ಟನ್ನೇ ಒಯ್ಯುವುದು ಇನ್ನೊಂದು ದಾರಿ. ಈ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದೆ. ಗುದ್ದಲಿ ಏಟು ತಾಗದಷ್ಟು ಆಳದಲ್ಲಿ ಕೇಬಲ್, ಅದರ ಮೇಲೆ ಸ್ವಲ್ಪ ಮಣ್ಣು, ಆಮೇಲೆ ಎಚ್ಚರಿಕೆಯ ಟೇಪ್. ಕೊಳದಿಂದ ದೂರದಲ್ಲಿ, ನೆಲಕ್ಕಿಂತ ಎತ್ತರದಲ್ಲಿ ಐಪಿ66 ದರ್ಜೆಯ, ಧೂಳು-ನೀರು ಒಳಗೆ ಬಿಡದ ಸಾಕೆಟ್. ಮುಚ್ಚಳ ಹಾಕಿದಾಗ ರಭಸದ ನೀರನ್ನೂ ತಡೆಯುತ್ತದೆ, ಪ್ಲಗ್ ಚುಚ್ಚಿದ ಮೇಲೂ ಮುಚ್ಚುವಂಥದ್ದೇ ಬೇಕು. ಇದರ ಜೀವ ಇರುವುದು ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್ಚಾದ 30 ಮಿಲಿಆಂಪಿಯರ್ ಆರ್‌ಸಿಸಿಬಿಯಲ್ಲಿ. ಹೋದ ಕರೆಂಟ್ ಅಷ್ಟೇ ವಾಪಸ್ ಬಂತಾ ಎಂದು ಅದು ಸದಾ ನೋಡುತ್ತಿರುತ್ತದೆ. ಲೆಕ್ಕ 30 ಮಿಲಿಆಂಪಿಯರ್‌ನಷ್ಟು ತಪ್ಪಿದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಕಡಿಯುತ್ತದೆ, ಸೋರಿಕೆ ಜೋರಾಗಿದ್ದರೆ ಇನ್ನೂ ಬೇಗ. ಆದರೂ ಆ ಕ್ಷಣದ ಶಾಕ್ ತಪ್ಪುವುದಿಲ್ಲ, ಜೀವ ಉಳಿಯುವ ಸಾಧ್ಯತೆ ಜಾಸ್ತಿ ಅಷ್ಟೇ. ಪಂಪಿಗೆ ಪ್ರತ್ಯೇಕ ಆರ್‌ಸಿಸಿಬಿ ಇರಲಿ. ಇಲ್ಲದಿದ್ದರೆ ಅಡುಗೆಮನೆಯ ಯಾವುದೋ ಮಿಕ್ಸಿ ಕೆಟ್ಟು ಟ್ರಿಪ್ ಆದಾಗ ಮೀನುಗಳ ಪಂಪೂ ನಿಲ್ಲುತ್ತದೆ.

ಈಗ ನನ್ನ ಸಣ್ಣ ಕೊಳದಲ್ಲಿ ಓಡುತ್ತಿರುವುದು 12 ವೋಲ್ಟಿನ ಪಂಪ್. ಟ್ರಾನ್ಸ್‌ಫಾರ್ಮರ್ ಮನೆಯೊಳಗೆ ಒಣ ಜಾಗದಲ್ಲಿದೆ, ಹೊರಗೆ ಹೋಗುವುದು 12 ವೋಲ್ಟ್ ಮಾತ್ರ. ನೀರಿನೊಳಗೆ ವೈರ್ ಸೀಳಿದರೂ ಕೈಗೆ ಕುತ್ತಿಲ್ಲ. ಇಲ್ಲಿ ಒಂದು ಷರತ್ತಿದೆ: ಟ್ರಾನ್ಸ್‌ಫಾರ್ಮರ್ ಸೇಫ್ಟಿ ಐಸೊಲೇಟಿಂಗ್ ಮಾದರಿಯದ್ದೇ ಆಗಿರಬೇಕು. ಮನೆಯ ಲೈನಿಗೂ ಹೊರಗಿನ ವೈರಿಗೂ ನೇರ ಸಂಪರ್ಕ ಇರಬಾರದು. ಸುಮ್ನೆ '12 ವೋಲ್ಟ್' ಎಂದು ಬರೆದಿರುವ ಯಾವುದೋ ಅಡಾಪ್ಟರ್ ನಂಬಬೇಡಿ.

ಇದರ ತೊಂದರೆ ದೂರ. 24 ವ್ಯಾಟ್ ಪಂಪ್ 12 ವೋಲ್ಟಿನಲ್ಲಿ 2 ಆಂಪಿಯರ್ ಎಳೆಯುತ್ತದೆ. 1.5 ಚದರ ಮಿಲಿಮೀಟರ್ ವೈರಿನಲ್ಲಿ 20 ಮೀಟರ್ ಒಯ್ದರೆ ಹೋಗಿಬರುವ ದಾರಿಯಲ್ಲೇ ಸುಮಾರು 1 ವೋಲ್ಟ್ ಕಳೆದುಹೋಗುತ್ತದೆ. ತೆಳು ವೈರ್ ಹಾಕಿದಾಗ ಕಾರಂಜಿ ಕುಗ್ಗಿದ್ದು ಕಣ್ಣಿಗೇ ಕಾಣುತ್ತಿತ್ತು, ದಪ್ಪ ವೈರಿಗೆ ಮತ್ತೆ ಏರಿತು. ದೊಡ್ಡ ಜಲಪಾತ ಹರಿಸುವ ಪಂಪಿಗೆ ಇದು ಸಾಲದು. ಅಲ್ಲಿ ಆರ್ಮರ್ಡ್ ಕೇಬಲ್ಲೇ ಸರಿ.

ಸೋಲಾರ್? ಸುರಕ್ಷತೆಯಲ್ಲಿ ಒಳ್ಳೆಯದು, ಅಗೆಯುವ ಕೆಲಸವೂ ಇಲ್ಲ. ಆದರೆ ಮೋಡ ಬಂದರೆ ನೀರು ನಿಲ್ಲುತ್ತದೆ, ಬ್ಯಾಟರಿ ಇಲ್ಲದಿದ್ದರೆ ರಾತ್ರಿಯಿಡೀ ನಿಲ್ಲುತ್ತದೆ. ರಾತ್ರಿ ಹೊತ್ತು ಜಲಸಸ್ಯಗಳೂ ಆಮ್ಲಜನಕ ಬಳಸುತ್ತವೆ, ಬೆಳಗಿನ ಜಾವಕ್ಕೆ ನೀರಿನಲ್ಲಿ ಅದು ತೀರಾ ಕಡಿಮೆ. ನೀರಾಡಿಸಿ ಗಾಳಿ ಬೆರೆಸುವ ಪಂಪ್ ಮೀನಿಗೆ ಬೇಕಾಗುವುದೇ ಆಗ, ಅಲ್ವಾ? ಮೀನಿಲ್ಲದ ಕಾರಂಜಿಗಾದರೆ ನಾನೂ ಸೋಲಾರ್ ಆರಿಸುತ್ತೇನೆ.

230 ವೋಲ್ಟಿನ ದಾರಿ ಹಿಡಿಯುವವರು ಆರ್‌ಸಿಸಿಬಿಯ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ಬದಲಿಸುವವರೆಗೂ ಪಂಪ್ ಓಡಿಸಬೇಡಿ. ಕೊಳಕ್ಕೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ಪಂಪನ್ನು ವೈರ್ ಹಿಡಿದು ಎತ್ತಬೇಡಿ. ಸೀಲ್ ಸಡಿಲವಾಗುವುದು ಅಲ್ಲಿಂದಲೇ.