ಅರ್ಧಂಬರ್ಧ ಮಿನಿ ಕೂಪರ್ ಕಿಟ್: ಮೊದಲು ಗ್ಲಾಸ್ ನೋಡಿ, ಆಮೇಲೆ ದುಡ್ಡು ಕೊಡಿ

ಮೊದಲೇ ಹೇಳಿಬಿಡುತ್ತೇನೆ, ಇದು ಸೀಲ್ ಒಡೆಯದ ಹೊಸ ಡಬ್ಬಿಯ ರಿವ್ಯೂ ಅಲ್ಲ. ತಮಿಯಾ ಕಂಪನಿಯ 1/24 ಅಳತೆಯ ಮಾರಿಸ್ ಮಿನಿ ಕೂಪರ್ 1275ಎಸ್ ಕಿಟ್ (ಬಿಡಿಭಾಗ ಅಂಟಿಸಿ ನಾವೇ ಕಟ್ಟುವ ಪ್ಲಾಸ್ಟಿಕ್ ಕಾರಿನ ಮಾಡೆಲ್), ಸೆಕೆಂಡ್ ಹ್ಯಾಂಡ್, ಯಾರೋ ಅರ್ಧ ಕಟ್ಟಿ ಬೇಜಾರಾಗಿ ಬಿಟ್ಟಿದ್ದು. ಆನ್‌ಲೈನ್‌ನಲ್ಲಿ ಒಬ್ಬ ಮಾರುತ್ತಿದ್ದ. ‘ಹಳೇ ಕಿಟ್, ಒಂದೆರಡು ಪಾರ್ಟ್ ಇಲ್ಲ’ ಅಂತ ಬರೆದಿದ್ದ. ಕೊರಿಯರ್ ಸೇರಿ 1,100 ರೂಪಾಯಿ. ಜೊತೆಗೆ ಅಮೆರಿಕನ್ ಕಿಟ್‌ಗಳ ಬಿಡಿಭಾಗ ತುಂಬಿದ ಒಂದು ಕವರ್ ಫ್ರೀ. ಮನೆಗೆ ಬಂದ ಮೇಲೆ ಕೂತು ಎಣಿಸಿದರೆ ಹನ್ನೊಂದು ಪಾರ್ಟ್ ಇರಲಿಲ್ಲ. ನಮ್ಮ ಕಡೆ ಹನ್ನೊಂದಕ್ಕೆ ಒಂದೆರಡು ಅನ್ನುವುದಿಲ್ಲ.

ಆದರೂ ನಾಲ್ಕು ತಿಂಗಳ ಭಾನುವಾರಗಳನ್ನು ಇದಕ್ಕೆ ಸುರಿದ ಮೇಲೆ ನನ್ನ ಲೆಕ್ಕ ಹೀಗಿದೆ: ಕಿಟ್‌ಗೆ ಐದಕ್ಕೆ ನಾಲ್ಕೂವರೆ, ಮಾರಿದವನಿಗೆ ಒಂದೂವರೆ. ಆ ಒಂದೂವರೆಯೂ ಫ್ರೀ ಕವರಿನ ಮುಲಾಜಿಗೆ.

ಡಬ್ಬಿ ತೆರೆದಾಗ ಬಾಡಿ ಒಳಗೆ ಗಡಗಡ ಅಂತ ಉರುಳಾಡುತ್ತಿತ್ತು. ಒಂದು ತುಂಡು ಪೇಪರ್ ಕೂಡ ತುರುಕಿರಲಿಲ್ಲ. ಮುಂದಿನ ಗ್ಲಾಸಿನ ಪಕ್ಕದ ಕಂಬ ಒಂದು ಕಡೆ ಮುರಿದಿತ್ತು. ಅದು ಬಿಡಿ, ಅಂಟಿಸಬಹುದು. ನಿಜವಾಗಿ ಹೊಟ್ಟೆ ಉರಿದದ್ದು ಮುಂದಿನ ಗ್ಲಾಸ್ ನೋಡಿ. ಆ ಫ್ರೀ ಕವರಿನಲ್ಲಿದ್ದ ಹಳೇ ಟೈರ್ ಒಂದು ಎಷ್ಟು ವರ್ಷದಿಂದ ಗ್ಲಾಸಿನ ಮೇಲೆ ಕೂತಿತ್ತೋ ಏನೋ, ಅದರ ಗುರುತು ಅಲ್ಲೇ ಕರಗಿ ಅಚ್ಚಾಗಿತ್ತು. ಕೆಲವು ಹಳೇ ಕಿಟ್‌ಗಳ ಟೈರ್ ನೋಡೋಕೆ ರಬ್ಬರ್ ಥರ ಇದ್ದರೂ ಅದು ಮೆತ್ತಗೆ ಮಾಡಿದ ವಿನೈಲ್. ಮೆತ್ತಗಾಗಲಿ ಅಂತ ಹಾಕಿದ ಎಣ್ಣೆಯಂಥ ಅಂಶ ವರ್ಷಗಳು ಕಳೆದಂತೆ ಹೊರಗೆ ಬಂದು, ಪಕ್ಕದಲ್ಲಿರುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಬಾಡಿಯೂ ಪಾಲಿಸ್ಟೈರೀನ್, ಗ್ಲಾಸೂ ಪಾಲಿಸ್ಟೈರೀನ್. ಹಾಗಾಗಿ ಹಳೇ ಕಿಟ್ ಕೈಗೆ ಬಂದ ಕೂಡಲೇ ಟೈರುಗಳನ್ನು ಬೇರೆ ಕವರಿಗೆ ಹಾಕಿ. ಕಟ್ಟುವುದು ಮುಂದಿನ ವರ್ಷವಾದರೂ ಪರವಾಗಿಲ್ಲ, ಇದನ್ನು ಇವತ್ತೇ ಮಾಡಿ.

ಈ ಮಿನಿಯನ್ನೇ ಯಾಕೆ ತಗೊಂಡೆ ಅಂತ ಮನೆಯಲ್ಲೂ ಕೇಳಿದರು. ಮಾರಿಸ್ ಅನ್ನೋ ಹೆಸರು ನಮಗೇನೂ ಹೊಸದಲ್ಲ, ನಮ್ಮ ಅಂಬಾಸಿಡರ್ ಕೂಡ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದಲೇ ಬಂದದ್ದು. ಜೊತೆಗೆ ಮಿನಿಯ ಲೆಕ್ಕ ಬಲು ಸುಲಭ. 1/24 ಅಂದರೆ ಒಂದು ಅಡಿಗೆ ಅರ್ಧ ಇಂಚು. ನಿಜವಾದ ಮಿನಿ ಸುಮಾರು 10 ಅಡಿ ಉದ್ದ, ಮಾಡೆಲ್ 5 ಇಂಚು. ಕ್ಯಾಲ್ಕುಲೇಟರ್ ಬೇಡ, ಅಡಿಪಟ್ಟಿ ಸಾಕು. ಇಲ್ಲದ ಪಾರ್ಟನ್ನು ಕೈಯಿಂದ ಮಾಡಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ನಿಜವಾದ ಕಾರಿನ ಹೆಡ್‌ಲೈಟ್ 7 ಇಂಚು, ನನಗೆ ಬೇಕಾದದ್ದು 7 ಮಿ.ಮೀ.ಗಿಂತ ಚೂರು ಜಾಸ್ತಿ.

ಅದು ಎಲ್ಲಿ ಸಿಕ್ಕಿತು ಗೊತ್ತಾ? ಅಪ್ಪನ ಮಾತ್ರೆಯ ಪಟ್ಟಿಯಲ್ಲಿ. ಪಾರದರ್ಶಕ ಪ್ಲಾಸ್ಟಿಕ್ಕಿನ ಪಟ್ಟಿ, ಒಳಗೆ ಸಣ್ಣ ದುಂಡು ಮಾತ್ರೆ. ಆ ಗುಳ್ಳೆಯನ್ನು ಕತ್ತರಿಸಿದರೆ ಹೆಡ್‌ಲೈಟ್ ಗ್ಲಾಸ್ ರೆಡಿ. ಅಪ್ಪ ಎರಡು ದಿನ ಮೊದಲೇ ಮಾತ್ರೆ ನುಂಗಿಬಿಡುತ್ತಾರೋ ಅಂತ ಅಮ್ಮನಿಗೆ ಹೆದರಿಕೆಯಾಗಿತ್ತು. ಇಲ್ಲ, ಖಾಲಿಯಾಗುವವರೆಗೆ ಕಾದೆ.

ಈಗ ಹಳೇ ಪೇಂಟಿನ ಕಥೆ. ಹಿಂದಿನ ಪುಣ್ಯಾತ್ಮ ಬ್ರಷ್ಷಿನಲ್ಲಿ ಕಿಟಕಿಗೆ ಹೊಡೆಯುವಂಥ ಎನಾಮೆಲ್ ಬಳಿದಿದ್ದ, ಬಾಗಿಲಿನ ಗೆರೆಯೇ ಕಾಣುತ್ತಿರಲಿಲ್ಲ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಒಂದು ಬಾಟಲಿ ಡಾಟ್ 3 ಬ್ರೇಕ್ ಆಯಿಲ್ ತಂದೆ. ಗಾಜಿನ ಭರಣಿಯಲ್ಲಿ ಬಾಡಿ ಮುಳುಗಿಸಿ ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ ಅಮ್ಮ ನೋಡಿ, ‘ಏನೋ, ಕಾರಿಗೂ ಉಪ್ಪಿನಕಾಯಿ ಹಾಕಿದ್ಯಾ?’ ಅಂದರು. ಪೇಂಟ್ ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಪಾತ್ರೆ ಸೋಪಿನಲ್ಲಿ ಎರಡು ಸಲ ತೊಳೆದರೆ ಬಾಡಿ ಹೊಸದರಂತೆ. ಕೈಗೆ ಗ್ಲೌಸ್ ಹಾಕಲೇಬೇಕು, ಗ್ಲಾಸ್ ಪಾರ್ಟನ್ನು ಮಾತ್ರ ಇದರಲ್ಲಿ ಹಾಕಬೇಡಿ. ಆ ಭರಣಿ ಆಮೇಲೆ ಅಡುಗೆಮನೆಗೆ ವಾಪಸ್ ಹೋಗಲಿಲ್ಲ, ಹೋಗಲೂಬಾರದು.

ಅವನು ತಪ್ಪಾಗಿ ಅಂಟಿಸಿದ್ದ ಸೀಟುಗಳನ್ನು ಬಿಡಿಸಲು ಫ್ರೀಜರ್ ಸಹಾಯಕ್ಕೆ ಬಂತು. ಫೆವಿಕ್ವಿಕ್ ಥರದ ಅಂಟು ಚಳಿಗೆ ಗರಿಗರಿಯಾಗುತ್ತದೆ. ರಾತ್ರಿಯಿಡೀ ಇಟ್ಟು ಬೆಳಗ್ಗೆ ಸ್ವಲ್ಪ ತಿರುವಿದರೆ ಟಕ್ ಅಂತ ಬಿಡುತ್ತದೆ. ಆದರೆ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ಸಿಮೆಂಟ್ ಹಾಕಿದ್ದರೆ ಈ ಆಟ ನಡೆಯುವುದಿಲ್ಲ, ಗರಗಸವೇ ಗತಿ.

ಬಾಡಿ ತೊಳೆದ ಮೇಲೆ ತಮಿಯಾದವರ ಕೆಲಸ ಕಾಣಿಸಿತು. 1946ರಲ್ಲಿ ಜಪಾನಿನ ಶಿಜುವೊಕಾದಲ್ಲಿ ಮರದ ವ್ಯಾಪಾರ ಅಂತ ಶುರುವಾದ ಕಂಪನಿ ಇದು. ಪಾರ್ಟ್‌ಗಳು ಒಂದಕ್ಕೊಂದು ಕೂರುವುದನ್ನು ನೋಡಿದರೆ ಬಡಗಿಯ ಕಣ್ಣು ಇನ್ನೂ ಹೋಗಿಲ್ಲ ಅನಿಸುತ್ತದೆ. ಇಷ್ಟು ಹಳೇ, ಇಷ್ಟು ಕೈ ಬದಲಾದ ಬಾಡಿಗೆ ತಳದ ತಟ್ಟೆ ಒತ್ತಿದ ಕೂಡಲೇ ಕೂತಿತು. ಮಿನಿಯ ಬಾಡಿಯಲ್ಲಿ ಒಂದು ಎಚ್ಚರ ಬೇಕು. ಹೆಡ್‌ಲೈಟ್ ಪಕ್ಕದಲ್ಲೂ ಹಿಂದಿನ ಮೂಲೆಯಲ್ಲೂ ಉದ್ದಕ್ಕೆ ಒಂದು ಏಣು ಇರುತ್ತದೆ. ಅದು ಅಚ್ಚಿನ ದೋಷ ಅಂದುಕೊಂಡು ಎಮರಿ ಪೇಪರ್ ಹಿಡಿಯಬೇಡಿ. ವೆಲ್ಡಿಂಗ್ ಸುಲಭವಾಗಲಿ ಅಂತ ಮಿನಿಯ ವಿನ್ಯಾಸಕ ಅಲೆಕ್ ಇಸ್ಸಿಗೋನಿಸ್ ನಿಜವಾದ ಕಾರಿನಲ್ಲೇ ತಗಡುಗಳ ಹೊಲಿಗೆಯನ್ನು ಹೊರಗೆ ಬಿಟ್ಟಿದ್ದ. ಬಾಗಿಲಿನ ಕೀಲುಗಳೂ ಹೊರಗೇ. ನಾನು ಎಡಗಡೆಯ ಏಣನ್ನು ಅರ್ಧ ಉಜ್ಜಿದ ಮೇಲೆ ಜ್ಞಾನೋದಯವಾಯಿತು. ಸ್ಪ್ರೂ, ಅಂದರೆ ಪಾರ್ಟ್‌ಗಳು ಅಂಟಿಕೊಂಡು ಬರುವ ಫ್ರೇಮ್, ಅದನ್ನು ಮೇಣದಬತ್ತಿಯ ಮೇಲೆ ಕಾಯಿಸಿ ಎಳೆದು ದಾರದ ಹಾಗೆ ಮಾಡಿ ಆ ಜಾಗಕ್ಕೆ ಅಂಟಿಸಿದೆ. ಈಗ ನೀವು ಬಂದು ನೋಡಿದರೂ ಗೊತ್ತಾಗುವುದಿಲ್ಲ.

ಇಲ್ಲದ ಪಾರ್ಟ್‌ಗಳಲ್ಲಿ ಡ್ಯಾಶ್‌ಬೋರ್ಡ್ ಒಂದು. ಬೇರೆ ಕಾರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರಬೇಕಿತ್ತು. ಮಿನಿಯಲ್ಲಿ ಡ್ಯಾಶ್‌ಬೋರ್ಡ್ ಅಂದರೆ ಉದ್ದಕ್ಕೆ ಒಂದು ಶೆಲ್ಫ್, ನಟ್ಟನಡುವೆ ಮೊಟ್ಟೆಯಾಕಾರದ ಡಬ್ಬಿಯಲ್ಲಿ ಮೂರು ಮೀಟರ್, ಅಷ್ಟೇ. ಒಂದು ಸಂಜೆಯ ಕೆಲಸ. ಪ್ಲಾಸ್ಟಿಕ್ ಹಾಳೆ ದುಡ್ಡು ಕೊಟ್ಟೇ ತರಬೇಕಿಲ್ಲ. ಮನೆಯಲ್ಲಿ ಬಿಸಾಡುವ ಡಬ್ಬಿಗಳ ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ 6 ಅಂತಿದ್ದರೆ ಅದು ಪಾಲಿಸ್ಟೈರೀನ್, ಕಿಟ್ಟಿನ ಸಿಮೆಂಟ್ ಹಿಡಿಯುತ್ತದೆ. 5 ಅಂತಿದ್ದರೆ ಪಾಲಿಪ್ರೊಪಿಲೀನ್, ಅದಕ್ಕೆ ಆ ಸಿಮೆಂಟ್ ಸುತರಾಂ ಹಿಡಿಯುವುದಿಲ್ಲ. ಇದು ಗೊತ್ತಿಲ್ಲದೆ ನಾನೊಂದು ಭಾನುವಾರ ಪೂರ್ತಿ ಮೊಸರಿನ ಡಬ್ಬಿಯ ಜೊತೆ ಗುದ್ದಾಡಿದ್ದೇನೆ.

ಚಕ್ರ ಮೂರೇ ಇದ್ದವು. ಯಾವಾಗಲೂ ಮೂರೇ ಇರುತ್ತವೆ, ಅಲ್ವಾ? ಫ್ರೀ ಕವರಿನಲ್ಲಿ 57ರ ಷೆವರ್ಲೆಯ ಚಕ್ರಗಳಿದ್ದವು, ಹಾಕಿ ನೋಡಿದೆ. ಎಎಂಟಿಯಂಥ ಅಮೆರಿಕನ್ ಕಿಟ್‌ಗಳು ಹೆಚ್ಚಾಗಿ 1/25, ತಮಿಯಾ 1/24. ಅಳತೆಯ ವ್ಯತ್ಯಾಸ ನೂರಕ್ಕೆ ನಾಲ್ಕೇ, ಸೀಟು ಕನ್ನಡಿಗಳನ್ನು ಅಡ್ಜಸ್ಟ್ ಮಾಡಿಕೊಳ್ಳಬಹುದು. ಆದರೆ ಆ ಕಾರಿನ ರಿಮ್ 14 ಇಂಚು, ಮಿನಿಯದು 10. ಹಾಕಿದರೆ ಮಗುವಿಗೆ ಅಪ್ಪನ ಬೂಟು ಹಾಕಿದಂತೆ ಕಂಡಿತು. ಕೊನೆಗೆ ಇರುವ ಚಕ್ರವನ್ನು ಟೈರ್ ಸಮೇತ ಅಚ್ಚು ತೆಗೆದೆ. ಮೌಲ್ಡ್ ಮಾಡುವ ಸಿಲಿಕೋನ್ ರಬ್ಬರ್, ಕೀಚೈನು ಗೀಚೈನು ಮಾಡುವವರು ತರುವ ಎಪಾಕ್ಸಿ ರೆಸಿನ್, ಎರಡೂ ಈಗ ಕ್ರಾಫ್ಟ್ ಅಂಗಡಿಗಳಲ್ಲಿ ಸಿಗುತ್ತವೆ. ಚಕ್ರವನ್ನು ಒಂದು ಸಣ್ಣ ಕಪ್ಪಿನ ತಳಕ್ಕೆ ಅಂಟಿಸಿ, ಸಿಲಿಕೋನನ್ನು ಎತ್ತರದಿಂದ ನೂಲಿನಂತೆ ಸುರಿಯಬೇಕು, ಗುಳ್ಳೆ ಒಡೆಯಲಿ ಅಂತ. ಆ ಅಚ್ಚಿಗೆ ರೆಸಿನ್ ಸುರಿದು ತೆಗೆದ ಮೊದಲ ಚಕ್ರ ತೂತು ಬಿದ್ದು ಇಡ್ಲಿಯಂತಾಯಿತು. ಎರಡನೆಯದು ಚೆನ್ನಾಗಿ ಬಂತು. ಟೈರಿಗೆ ಅಪ್ಪಟ ಕಪ್ಪು ಬೇಡ, ಕಪ್ಪಿಗೆ ಸ್ವಲ್ಪ ಬೂದು ಸೇರಿಸಿದ ಮ್ಯಾಟ್ ಬಣ್ಣ ಹೊಡೆಯಿರಿ. ಪಕ್ಕದ ಮೂರು ಟೈರಿನ ಜೊತೆ ಬೆರೆತುಹೋಗುತ್ತದೆ.

ಈಗ ಗ್ಲಾಸಿಗೆ ಬರೋಣ, ಯಾಕೆಂದರೆ ನನ್ನ ಅರ್ಧ ಸಮಯ ತಿಂದದ್ದು ಇದೇ. ಪಕ್ಕದ ಕಿಟಕಿಗಳು ಇರಲೇ ಇಲ್ಲ. ಅದು ತೊಂದರೆಯಲ್ಲ. ಹಳೇ ಮಿನಿಯದು ಸರಿಸುವ ಕಿಟಕಿ, ಚಪ್ಪಟೆ ಗಾಜು. ಹೊಸ ಷರ್ಟಿನ ಡಬ್ಬಿಯ ಪಾರದರ್ಶಕ ಮುಚ್ಚಳ ಕತ್ತರಿಸಿ ಫೆವಿಕಾಲಿನಲ್ಲಿ ಅಂಟಿಸಿದೆ. ಫೆವಿಕಾಲ್ ಒಣಗಿದ ಮೇಲೆ ಬಣ್ಣವೇ ಕಾಣುವುದಿಲ್ಲ, ಜಾಸ್ತಿಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಗ್ಲಾಸ್ ಹತ್ತಿರ ಫೆವಿಕ್ವಿಕ್ ಜಾತಿಯ ಅಂಟನ್ನು ತರಲೇಬೇಡಿ, ಅದರ ಆವಿಗೆ ಚಳಿಗಾಲದ ಬಸ್ಸಿನ ಕಿಟಕಿಯ ಹಾಗೆ ಬೆಳ್ಳಗೆ ಮಂಜು ಕೂರುತ್ತದೆ. ಆದರೆ ಮುಂದಿನ ಗ್ಲಾಸ್ ಬಾಗಿದ್ದು. ಹಾಳೆ ಕತ್ತರಿಸಿ ಬಗ್ಗಿಸಿದರೆ ಆ ಬಾಗು ಬರುವುದಿಲ್ಲ, ಮೂಲೆ ಎದ್ದು ನಿಲ್ಲುತ್ತದೆ. ಹಾಗಾಗಿ ಟೈರ್ ತಿಂದ ಅದೇ ಗ್ಲಾಸನ್ನು ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿದೆ. 800, 1000, 1500, 2000, ಆಮೇಲೆ ಕಾರಿಗೆ ಹಾಕುವ ರಬ್ಬಿಂಗ್ ಕಾಂಪೌಂಡ್. ಮೂರು ಭಾನುವಾರ. ದೂರದಿಂದ ಫಸ್ಟ್ ಕ್ಲಾಸ್. ಹತ್ತಿರ ಹೋಗಿ ಬೆಳಕಿಗೆ ಹಿಡಿದರೆ ಅರ್ಧಚಂದ್ರದಂಥ ಗುರುತು ಈಗಲೂ ಇದೆ.

ಇದಕ್ಕೇ ಹೇಳುವುದು, ಹಳೇ ಕಿಟ್ ತಗೊಳ್ಳುವಾಗ ಎಷ್ಟು ಪಾರ್ಟ್ ಇಲ್ಲ ಅಂತ ಕೇಳಬೇಡಿ, ಯಾವುದು ಇಲ್ಲ ಅಂತ ಕೇಳಿ. ಸೀಟು, ಡ್ಯಾಶ್‌ಬೋರ್ಡ್, ಸೈಲೆನ್ಸರ್ ಪೈಪು, ಒಂದು ಚಕ್ರ, ಇವೆಲ್ಲ ಹೋದರೂ ಧೈರ್ಯವಾಗಿ ತಗೊಳ್ಳಿ. ಮುಂದಿನ ಗ್ಲಾಸ್ ಇಲ್ಲ ಅಂದರೆ ಅರ್ಧ ಬೆಲೆಗೂ ಬೇಡ. ಬಂಪರ್, ಗ್ರಿಲ್‌ಗಳ ಕ್ರೋಮ್ ಎದ್ದಿದ್ದರೆ ಹೆದರಬೇಡಿ, ಇದ್ದರೆ ಸಾಕು. ಎದ್ದ ಕ್ರೋಮನ್ನು ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ತೆಗೆದು, ನುಣ್ಣಗೆ ಕಪ್ಪು ಹೊಡೆದು, ಮೇಲೆ ಮೊಲೊಟೊ ಲಿಕ್ವಿಡ್ ಕ್ರೋಮ್ ಪೆನ್ ಓಡಿಸಿದೆ. ಆ ಪೆನ್ನಿನ ಬೆಲೆ ನೋಡಿ ಎರಡು ವಾರ ಯೋಚಿಸಿದ್ದೆ, ಹೊಳಪು ನೋಡಿ ಆ ಎರಡು ವಾರ ದಂಡ ಅನಿಸಿತು. ಒಣಗಿದ ಮೇಲೂ ಬೆರಳು ತಾಗಿಸಬಾರದು ಅನ್ನುವುದೊಂದೇ ನಿಯಮ.

ಅಂಟಿನ ಬಗ್ಗೆ ಒಂದು ಮಾತು. ತಮಿಯಾ ಎಕ್ಸ್‌ಟ್ರಾ ಥಿನ್ ಸಿಮೆಂಟ್, ಹಸಿರು ಮುಚ್ಚಳದ್ದು. ಎರಡು ಪಾರ್ಟನ್ನು ಒತ್ತಿ ಹಿಡಿದು ಸಂದಿಗೆ ಬ್ರಷ್ಷಿನ ತುದಿ ತಾಗಿಸಿದರೆ ತಾನೇ ಒಳಗೆ ಹರಿಯುತ್ತದೆ. ಮುರಿದ ಕಂಬ ಇದರಲ್ಲೇ ನಿಂತಿತು. ಉಳಿದ ತಗ್ಗುಗಳಿಗೆ ಗ್ಯಾರೇಜಿನವರ ಎನ್‌ಸಿ ಪುಟ್ಟಿ ಸಾಕು, ತೆಳ್ಳಗೆ ಹಾಕಿ. ಗ್ಯಾರೇಜಿನ ಸ್ಪ್ರೇ ಪೇಂಟನ್ನು ಮಾತ್ರ ಬರೀ ಪ್ಲಾಸ್ಟಿಕ್ ಮೇಲೆ ಹೊಡೆಯಬೇಡಿ. ನನ್ನ ಹತ್ತಿರ ಹಳೇ ಪ್ಲಾಸ್ಟಿಕ್ ಚಮಚಗಳಿದ್ದವು (2022ರ ಜುಲೈನಲ್ಲಿ ಬ್ಯಾನ್ ಆಗುವ ಮೊದಲಿನವು, ನನಗೆ ಚಿನ್ನ), ಮೊದಲು ಅದರ ಮೇಲೆ ಹೊಡೆದು ನೋಡಿದೆ. ಒಣಗಿದ ಕೆರೆಯ ತಳದಂತೆ ಬಿರುಕು ಬಿಟ್ಟಿತು. ಬಾಡಿಯ ಮೇಲೆ ಹೊಡೆದಿದ್ದರೆ ಈ ರಿವ್ಯೂ ಇಲ್ಲಿಗೇ ಮುಗಿಯುತ್ತಿತ್ತು. ಮೊದಲು ಪ್ರೈಮರ್, ತೆಳ್ಳಗೆ ಮೂರು ಸಲ, ಆಮೇಲೆ ಬಣ್ಣ.

ಬಣ್ಣ ಕೆಂಪು, ಮೇಲ್ಛಾವಣಿ ಬಿಳಿ. ಮಾಂಟೆ ಕಾರ್ಲೋ ರ‍್ಯಾಲಿಯ ಮಿನಿಗಳ ಬಣ್ಣ. 1964, 65, 67ರಲ್ಲಿ ಗೆದ್ದವು. 1966ರಲ್ಲೂ ಮೊದಲ ಮೂರು ಸ್ಥಾನ ಮಿನಿಗಳದ್ದೇ, ಆದರೆ ಹೆಡ್‌ಲೈಟ್ ನಿಯಮದ ನೆಪದಲ್ಲಿ ಹೊರಗೆ ಹಾಕಿದರು. ನಾನೂ ರ‍್ಯಾಲಿ ಕಾರೇ ಮಾಡಬೇಕು ಅಂತಿದ್ದೆ. ಡೆಕಾಲ್ ಹಾಳೆ, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಸ್ಟಿಕ್ಕರ್‌ಗಳ ಹಾಳೆ, ಹಳದಿಯಾಗಿತ್ತು. ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಸಿಲು ಬೀಳುವ ಕಿಟಕಿಗೆ ಮೂರು ವಾರ ಅಂಟಿಸಿದೆ, ಹಳದಿ ಇಳಿಯಿತು. ಒಂದನ್ನು ನೀರಿಗೆ ಹಾಕಿದೆ ನೋಡಿ, ಹಪ್ಪಳದಂತೆ ಚೂರು ಚೂರು. ಹಳೇ ಡೆಕಾಲನ್ನು ಮೊದಲು ಬೇಡದ ತುಂಡಿನಲ್ಲಿ ಪರೀಕ್ಷಿಸಿ, ಒಡೆಯುವಂತಿದ್ದರೆ ಮೇಲೆ ಡೆಕಾಲ್ ಫಿಲ್ಮ್ ದ್ರವ ಹಚ್ಚಿ ಉಳಿಸಿಕೊಳ್ಳಬಹುದು. ನಾನು ಮೊದಲು ಹಾಕಿದ್ದು ನಂಬರಿನ ಡೆಕಾಲನ್ನೇ.

ಸರಿ, ರ‍್ಯಾಲಿ ಹಾಳಾಗಿ ಹೋಗಲಿ ಅಂತ ಊರಿಗೆ ಹೊರಟ ಕಾರು ಮಾಡಿದೆ. ಎಳೆದ ಸ್ಪ್ರೂ ಕಡ್ಡಿಗಳಿಂದ ಮೇಲೆ ಒಂದು ಕ್ಯಾರಿಯರ್. ಅದರ ಮೇಲೆ ಟ್ರಂಕು, ಸುತ್ತಿದ ಹಾಸಿಗೆ, ಎಂ-ಸೀಲಿನಲ್ಲಿ ಮಾಡಿದ ಒಂದು ಹಲಸಿನ ಹಣ್ಣು. ಒಂದೂವರೆ ಅಡಿ ಹಣ್ಣು ಅಂದರೆ ಮುಕ್ಕಾಲು ಇಂಚು, ಮುಳ್ಳಿಗೆ ಹಲ್ಲುಜ್ಜುವ ಬ್ರಷ್ ಚುಚ್ಚಿದರೆ ಸಾಕು. ನಂಬರ್ ಪ್ಲೇಟು ಹಳೇ ಕಾಲದ ಕಪ್ಪು, ಬಿಳಿ ಅಕ್ಷರ, ಮೈಸೂರು ರಾಜ್ಯದ ಕಾಲದ ‘ಎಂವೈ’ಯಿಂದ ಶುರು. ಇಡೀ ಕಾರಿನಲ್ಲಿ ಎಲ್ಲರೂ ಮೊದಲು ನೋಡುವುದು ಹಲಸಿನ ಹಣ್ಣನ್ನೇ. ಮೂರು ಭಾನುವಾರ ಗ್ಲಾಸ್ ಉಜ್ಜಿದವನ ಸಂಕಟ ಯಾರಿಗೆ ಹೇಳೋದು.

ಇನ್ಸ್ಟ್ರಕ್ಷನ್ ಹಾಳೆ ಇರಲಿಲ್ಲ ಅನ್ನುವುದನ್ನು ಮರೆತೆ. ಅದು ದೊಡ್ಡ ವಿಷಯವಲ್ಲ, ಸ್ಕೇಲ್‌ಮೇಟ್ಸ್ ಸೈಟಿನಲ್ಲಿ ಬಹಳಷ್ಟು ಹಳೇ ಕಿಟ್‌ಗಳ ಹಾಳೆ ಸಿಗುತ್ತದೆ. ತಗೊಳ್ಳುವ ಮೊದಲೇ ಅಲ್ಲಿ ನೋಡಿ ಪಾರ್ಟ್ ನಂಬರ್ ಪ್ರಕಾರ ಫೋಟೋ ಕೇಳಿ. ನಾನು ಆತುರಗಾರ, ಕೇಳಿರಲಿಲ್ಲ.

ಒಟ್ಟು ಖರ್ಚು ಕಿಟ್ಟಿನ ಎರಡೂವರೆ ಪಟ್ಟು. ಸಿಲಿಕೋನ್, ರೆಸಿನ್, ಪೆನ್ ಎಲ್ಲ ಇನ್ನೂ ಮುಕ್ಕಾಲು ಉಳಿದಿವೆ ಅಂತ ಮನೆಯಲ್ಲಿ ಹೇಳಿದ್ದೇನೆ. ಹೋದ ವಾರ ಅದೇ ಮಾರಾಟಗಾರ ಇನ್ನೊಂದು ಕಿಟ್ ಹಾಕಿದ್ದಾನೆ, ಫೋಕ್ಸ್‌ವ್ಯಾಗನ್ ಬೀಟಲ್, ‘ಒಂದೆರಡು ಪಾರ್ಟ್ ಇಲ್ಲ’. ಮುಂದಿನ ಗ್ಲಾಸಿನ ಫೋಟೋ ಕಳಿಸಿ ಅಂತ ಮೆಸೇಜ್ ಹಾಕಿದ್ದೇನೆ. ನೋಡಿದ್ದಾನೆ, ಉತ್ತರ ಇನ್ನೂ ಬಂದಿಲ್ಲ.